ಗಂಡ ಹೆಂಡತಿಗೆ ಹೊಂದಿಕೊಂಡನು

ಶತ್ರುಗಳೇ ಇಲ್ಲದ ಮನುಷ್ಯನೆಂದು ಬೀದಿಯಲ್ಲೆಲ್ಲ ಹೆಸರಾಗಿದ್ದ ಪದಪ್ಪನವರ ಮೇಲೆ ಕೊನೆಗೂ ಒಬ್ಬ ಹಗೆ ಸಾಧಿಸಿದ. ಅವನು ಪಕ್ಕದ ಮನೆಯವನಲ್ಲ, ದಾಯಾದಿಯಲ್ಲ. ಅವನೊಬ್ಬ ಕ್ರಿಯಾಪದ.

ಪದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ತಲೆಗೂದಲು ಕಪ್ಪಗಿದ್ದಾಗ ನಿಘಂಟಿನ ಕಚೇರಿಗೆ ಉಪಸಂಪಾದಕರಾಗಿ ಸೇರಿ, ಅದು ಬೆಳ್ಳಗಾಗಿ, ಈಗ ಆ ಬಿಳಿಯೂ ಒಂದೊಂದಾಗಿ ರಾಜೀನಾಮೆ ಕೊಡುತ್ತಿರುವವರೆಗೆ ಪದಗಳ ಅರ್ಥ ಬರೆದೂ ಬರೆದೂ ಸಂಪಾದಿಸಿದ ಬಿರುದು. (ಸಂಬಳಕ್ಕಿಂತ ಅದೇ ವಾಸಿ, ಬಿರುದಿನಲ್ಲಿ ಕಡಿತವಿಲ್ಲ.) ಕಚೇರಿ ಎಂದರೆ ಮಹಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಎರಡು ಕಿಟಕಿ. ಒಂದು ತೆರೆಯುವುದಿಲ್ಲ, ಇನ್ನೊಂದು ಮುಚ್ಚುವುದಿಲ್ಲ. ಎರಡರ ನಡುವೆ ಕೂತು ಪದಪ್ಪನವರು ನಾಡಿನ ನಾಲಿಗೆಯನ್ನು ಕಾಯುತ್ತಿದ್ದರು.

ಈ ನಿಘಂಟಿಗೆ ಒಂದು ವಿಚಿತ್ರ ನಿಯಮವಿತ್ತು. ಹಿಂದೊಮ್ಮೆ ‘ಹತ್ತು’ ಎಂಬ ಪದದ ಕೆಳಗೆ ಯಾರೋ ಪುಣ್ಯಾತ್ಮರು ‘ಆನೆ ಮರ ಹತ್ತಿತು’ ಎಂದು ಉದಾಹರಣೆ ಕೊಟ್ಟಿದ್ದರು. ಯಾವ ಆನೆ, ಯಾವ ಮರ, ಇಳಿಸಿದವರು ಯಾರು ಎಂದು ಓದುಗರು ಕೇಳಿ ಕೇಳಿ ಪ್ರಧಾನ ಸಂಪಾದಕಿಗೆ ತಲೆನೋವು ಅಂಟಿಕೊಂಡಿತು. ಅಂದಿನಿಂದ ಅವರ ಅಪ್ಪಣೆಯಾಯಿತು: ಉದಾಹರಣೆಯ ವಾಕ್ಯ ನಿಜವಾಗಿರಬೇಕು. ಬರೆದವರು ಕಣ್ಣಾರೆ ಕಂಡಿರಬೇಕು. ವಾಕ್ಯದಲ್ಲಿ ಮನೆಯವರು ಬಂದರೆ ಮೇಡಂ ತಾವೇ ಫೋನು ಮಾಡಿ ವಿಚಾರಿಸುತ್ತಿದ್ದರು; ಅವರು ಬೇಡವೆಂದರೆ ವಾಕ್ಯ ಹೊರಗೆ. ಇದರಿಂದ ನಿಘಂಟಿನ ಗೌರವ ಏರಿತು, ಸಿಬ್ಬಂದಿಯ ಆರೋಗ್ಯ ಇಳಿಯಿತು. ‘ಜಾರು’ ಬರೆದವರು ಇವತ್ತಿಗೂ ಕೋಲು ಹಿಡಿದು ಬರುತ್ತಾರೆ. ‘ಕಚ್ಚು’ ಬರೆದವರು ಚುಚ್ಚುಮದ್ದು ತೆಗೆದುಕೊಂಡರು. ‘ಪರಾರಿಯಾಗು’ ಯಾರ ಪಾಲಿಗೆ ಬಂದಿತ್ತೋ ಅವರು ಈವರೆಗೆ ಕಚೇರಿಗೆ ಬಂದಿಲ್ಲ.

ಈಗ ಕೊನೆಯ ಸಂಪುಟ. ‘ಹ’ ಅಕ್ಷರ ಪದಪ್ಪನವರದು. ಅದನ್ನು ಮುಗಿಸಿಕೊಟ್ಟರೆ ಸಂಪುಟದ ಮೊದಲ ಪುಟದಲ್ಲಿ ಅವರ ಹೆಸರು ಪ್ರತ್ಯೇಕವಾಗಿ, ಒಂದು ಸಾಲಿನಲ್ಲಿ, ಒಂಟಿಯಾಗಿ ಬರುತ್ತದೆಂದು ಮೇಡಂ ಮಾತು ಕೊಟ್ಟಿದ್ದರು. ಇದರ ಬೆಲೆ ಬೇರೆಯವರಿಗೆ ತಿಳಿಯುವಂಥದ್ದಲ್ಲ. ಹಿಂದಿನ ಸಂಪುಟಗಳಲ್ಲೆಲ್ಲ ಪದಪ್ಪನವರು ‘ಮತ್ತು ಇತರರು’ ಎಂಬಲ್ಲಿ ಅಡಗಿಕೊಂಡಿದ್ದರು. ಮದುವೆಯ ಫೋಟೋದಲ್ಲಿ ಕೂಡ ಯಾರದೋ ಭುಜದ ಹಿಂದೆ ಅರ್ಧ ಕಿವಿಯಾಗಿ ನಿಂತಿದ್ದರು. ಅದು ಅವರದೇ ಮದುವೆ. ಒಂದು ಬಾರಿ, ಒಂದೇ ಒಂದು ಬಾರಿ, ಪೂರ್ತಿಯಾಗಿ ಕಾಣಿಸಿಕೊಳ್ಳಬೇಕೆಂಬುದು ಅವರ ಬಾಳಿನ ಹಂಬಲ.

‘ಹೊಂದಾಣಿಕೆ’ ಸುಲಭವಾಗಿ ದಾಟಿತು. ‘ಒಬ್ಬರಿಗೊಬ್ಬರು ಒಗ್ಗಿ ನಡೆಯುವ ಸ್ಥಿತಿ’ ಎಂದು ಬರೆದು, ‘ಆ ದಂಪತಿಗಳ ನಡುವೆ ಒಳ್ಳೆಯ ಹೊಂದಾಣಿಕೆಯಿದೆ’ ಎಂದು ತಮ್ಮ ಮನೆಯನ್ನೇ ಉದಾಹರಣೆಗೆ ಕೊಟ್ಟರು. ಮೇಡಂ ಫೋನು ಮಾಡಿದರು. ಹೆಂಡತಿ “ಇದೆ ಮೇಡಂ” ಎಂದಳು. ಮುದ್ರೆ ಬಿತ್ತು.

ಮುಂದಿನದು ‘ಹೊಂದಿಕೊಳ್ಳು’. ಅಣ್ಣ ಒಳಗೆ ಹೋದ ಬಾಗಿಲಲ್ಲಿ ತಮ್ಮನೂ ನುಗ್ಗುತ್ತಾನೆಂದು ನಂಬಿ ಪದಪ್ಪನವರು ‘ಹೊಂದಾಣಿಕೆಯಿಂದ ನಡೆ’ ಎಂದು ಅರ್ಥ ಗೀಚಿ, ‘ಗಂಡ ಹೆಂಡತಿಗೆ ಹೊಂದಿಕೊಂಡನು’ ಎಂದು ಉದಾಹರಣೆ ಜಡಿದರು. ಮೇಡಂ ಮತ್ತೆ ಅದೇ ನಂಬರಿಗೆ ಫೋನು ಮಾಡಿ ವಾಕ್ಯ ಓದಿದರು. ಆ ಕಡೆಯಿಂದ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ದೊಡ್ಡದಾಗಿ, ಆಮೇಲೆ ಅದಕ್ಕೆ ಇನ್ನೊಂದು ಮುದಿ ನಗು ಜೊತೆಗೂಡಿತು. ಮೇಡಂ ಫೋನನ್ನು ಮೇಜಿನ ಮೇಲಿಟ್ಟು ಒಂದು ಲೋಟ ನೀರು ಕುಡಿದು ಮತ್ತೆ ಕಿವಿಗಿಟ್ಟುಕೊಂಡರು. ನಗು ಇನ್ನೂ ಮುಗಿದಿರಲಿಲ್ಲ.

“ಸುಳ್ಳಂತೆ,” ಎಂದರು ಮೇಡಂ.

“ಮೇಡಂ, ಹೊಂದಾಣಿಕೆ ಇದೆ ಅಂತ ಅವಳೇ ಒಪ್ಪಿದಾಳಲ್ಲ! ಅದು ಇದ್ದ ಮೇಲೆ ಇದೂ ಇರ್ಲೇಬೇಕಲ್ಲ!”

“ಅದು ಬೇರೆ, ಇದು ಬೇರೆ. ‘ಹೊಂದಾಣಿಕೆ’ ಅನ್ನೋದು ಮನೆಯಲ್ಲಿರೋ ಬೆಳಕಿದ್ದ ಹಾಗೆ. ಇದೆಯೋ ಇಲ್ವೋ ಅಂತ ಮಾತ್ರ ಕೇಳ್ತಾರೆ. ‘ಹೊಂದಿಕೊಳ್ಳು’ ಅಂದ ತಕ್ಷಣ ದೀಪ ಹಚ್ಚಿದವರು ಯಾರು ಅಂತ ಕೇಳ್ಬೇಕಾಗತ್ತೆ.” ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. “ಯಾಕೆ ಒದ್ದಾಡ್ತೀರಿ? ‘ಹೆಂಡತಿ ಗಂಡನಿಗೆ ಹೊಂದಿಕೊಂಡಳು’ ಅಂತ ತಿರುಗಿಸಿ ಬರೀರಿ. ಈ ಕ್ಷಣ ಮುದ್ರೆ ಒತ್ತುತ್ತೀನಿ.”

ಪದಪ್ಪನವರಿಗೆ ರಕ್ತ ಕುದಿಯಿತು. ಜೀವಮಾನದಲ್ಲಿ ಮೊದಲ ಸಲ ಮೊದಲ ಪುಟದಲ್ಲಿ ತಮ್ಮ ಹೆಸರು ಬರುತ್ತಿರುವಾಗ, ಒಳಗಿನ ಪುಟದಲ್ಲಿ ತಮ್ಮ ಮೇಲೆ ತಾವೇ ಚಾಡಿ ಹೇಳುವುದೇ? “ಸೋಮವಾರದವರೆಗೆ ಸಮಯ ಕೊಡಿ. ಈ ವಾಕ್ಯವನ್ನು ನಿಜ ಮಾಡಿ ತರುತ್ತೇನೆ,” ಎಂದು ಶಪಥ ಮಾಡಿದರು. ಇಲ್ಲದಿದ್ದರೆ ಉಳಿದ ಪುಟಗಳೆಲ್ಲ ಬೇರೆಯವರ ಮೇಜಿಗೆ, ತಾವು ಮತ್ತೆ ‘ಇತರರು’ ಎಂಬ ಗುಂಪಿಗೆ ಎಂದು ಮೇಡಂ ನೆನಪಿಸಿದರು.

ಮನೆಗೆ ಬಂದಾಗ ಹೆಂಡತಿ ಹೊರಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳದು ಹಳೆಯ ಬಟ್ಟೆ ಬಿಚ್ಚಿ ಹಿಡಿಸುವ, ಸಡಿಲಿಸುವ ಕೆಲಸ. ಅವಳ ತಾಯಿ ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದರು. ಆ ಮುದಿ ನಗು ಅವರದೇ.

“ನಕ್ಕೆಯಂತೆ?” ಎಂದರು ಪದಪ್ಪನವರು, ಚಪ್ಪಲಿ ಕೂಡ ಬಿಡದೆ.

“ನಗು ಬಂತು, ನಕ್ಕೆ. ಅಳು ಬಂದಿದ್ರೆ ಅಳ್ತಿದ್ದೆ.”

“ಮೊದಲು ಫೋನ್ ಮಾಡ್ದಾಗ ಹೊಂದಾಣಿಕೆ ಇದೆ ಅಂದ್ಯಲ್ಲೇ!”

“ಇದೆಯಾ ಅಂತ ಕೇಳಿದ್ರು, ಇದೆ ಅಂದೆ. ಯಾರು ಮಾಡ್ತಿದಾರೆ ಅಂತ ಆಗ ಕೇಳ್ಲಿಲ್ಲ.”

“ನಾನು ಒಂದು ವಿಷಯಕ್ಕೂ ಹೊಂದಿಕೊಂಡಿಲ್ವಾ? ಯೋಚನೆ ಮಾಡು. ನಿಧಾನವಾಗಿ ಯೋಚನೆ ಮಾಡು.”

ಹೆಂಡತಿ ನಿಧಾನವಾಗಿಯೇ ಯೋಚಿಸಿದಳು. ಯಂತ್ರದ ಚಕ್ರ ನಿಂತಿತು. ಅತ್ತೆಯವರೂ ಸೂಜಿ ಎತ್ತಿ ಹಿಡಿದು ಮಗಳ ನೆರವಿಗೆ ಯೋಚಿಸಿದರು. ಹೊರಗೆ ಒಂದು ತರಕಾರಿ ಗಾಡಿ ಬಂದು, ವ್ಯಾಪಾರ ಮುಗಿಸಿ, ಹೋಗಿಯೂ ಆಯಿತು.

“ನನ್ನ ಅಮ್ಮ ಇಲ್ಲಿರೋದಕ್ಕೆ ಬೇಡ ಅಂದಿಲ್ಲ ನೀವು,” ಎಂದಳು ಕೊನೆಗೆ.

“ನೋಡಿದ್ಯಾ!”

“ಅವರೂ ನಿಮಗೆ ಹೊಂದ್ಕೊಂಡಿದಾರಲ್ಲ, ಅದಕ್ಕೆ,” ಎಂದು ಮುಗಿಸಿದಳು.

ಪದಪ್ಪನವರು ಎದೆಗುಂದಲಿಲ್ಲ. ವಾಕ್ಯ ಸುಳ್ಳಾಗಿದ್ದರೆ ಅದನ್ನು ನಿಜ ಮಾಡಿದರಾಯಿತು. ಭಾನುವಾರ ಎದುರಿಗೇ ಇದೆ. ಆ ಒಂದು ದಿನ ಹೆಂಡತಿಯ ಇಷ್ಟದಂತೆ ನಡೆದುಬಿಡುವುದು, ಸೋಮವಾರ ಅವಳ ಬಾಯಿಂದಲೇ ‘ಹೌದು’ ಅನ್ನಿಸುವುದು. ಉಪಾಯವೇನೋ ರಾಜತಂತ್ರಕ್ಕೆ ಸಮಾನವಾಗಿತ್ತು. ಆದರೆ ಒಂದು ಸಣ್ಣ ತೊಡಕು. ಹೆಂಡತಿಗೆ ಏನು ಇಷ್ಟ?

ಇದು ಅವರಿಗೆ ಗೊತ್ತಿರಲಿಲ್ಲ. ‘ಇಷ್ಟ’ ಎಂಬ ಪದದ ಅರ್ಥ ಗೊತ್ತಿತ್ತು, ಅದರ ಮೂಲ ಗೊತ್ತಿತ್ತು, ಅದರಿಂದ ಹುಟ್ಟಿದ ಮಕ್ಕಳು ಮರಿಗಳೆಲ್ಲ ಗೊತ್ತಿದ್ದವು. ಹೆಂಡತಿಯನ್ನೇ ಕೇಳಿದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಕದ್ದಂತೆ. ಹಾಗಾಗಿ ಅಡುಗೆಮನೆಯ ಮೂಲೆಯಲ್ಲಿ ಅತ್ತೆಯವರನ್ನು ಹಿಡಿದರು.

“ಅತ್ತೆ, ನಿಮ್ಮ ಮಗಳಿಗೆ ನಿಜವಾಗಿ ಏನೇನು ಇಷ್ಟ?”

“ಇಷ್ಟು ವರ್ಷ ಆದ್ಮೇಲೆ ಕೇಳ್ತಿದೀರಾ ಅಳಿಯಂದ್ರೇ?”

“ಒಂದು ಪದಕ್ಕೆ ಬೇಕಿತ್ತು.”

“ಅದೇ ಅಂದ್ಕೊಂಡೆ,” ಎಂದರು ಅತ್ತೆ. ಆದರೂ ಮಗಳ ವಿಷಯವಲ್ಲವೇ, ಮುಖ ಅರಳಿತು. ಅವಳಿಗೆ ಬೆಳಕು ಹರಿಯುವ ಮುಂಚೆ ಎದ್ದು ತಂಪಿನಲ್ಲಿ ನಡೆದಾಡುವುದೆಂದರೆ ಪ್ರಾಣ. ಚಹಾ ಅಂದರೆ ಕುದಿಕುದಿ ಇರಬೇಕು, ಸಕ್ಕರೆ ಸೋಕಬಾರದು. ಉಪ್ಪು ಖಾರ ಹಿಡಿದು ಹಾಕಬೇಕು. ಫ್ಯಾನಿನ ಗಾಳಿ ಕಂಡರೆ ಆಗದು, ಸೀನು ಹತ್ತಿಕೊಳ್ಳುತ್ತದೆ. “ಬರ್ಕೊಳ್ಳಿ ಬೇಕಾದ್ರೆ. ಹೆತ್ತವಳು ಹೇಳ್ತಿದೀನಿ. ಇದರಲ್ಲಿ ಒಂದಕ್ಷರ ತಪ್ಪಿರಲ್ಲ.”

ಪದಪ್ಪನವರು ಬೆರಗಾದರು. ಇವುಗಳಲ್ಲಿ ಒಂದೂ ಅವರ ಮನೆಯಲ್ಲಿ ನಡೆಯುತ್ತಿರಲಿಲ್ಲ. ತಾವು ಇಷ್ಟು ದಿನ ಯಾರ ಜೊತೆ ಸಂಸಾರ ಮಾಡುತ್ತಿದ್ದೆವೆಂದು ಒಂದು ಗಳಿಗೆ ಗಾಬರಿಯೂ ಆಯಿತು. ಆದರೆ ರಣಕಹಳೆ ಊದಿಯಾಗಿತ್ತು.

ಭಾನುವಾರ ಕೋಳಿಗಳಿಗಿಂತ ಮುಂಚೆ ಎದ್ದು ಹೆಂಡತಿಯ ಭುಜ ಅಲುಗಿಸಿದರು. “ಏಳು, ನಡೆದಾಡಿ ಬರೋಣ.”

ಹೆಂಡತಿ ಧಡಕ್ಕನೆ ಎದ್ದು ಕೂತಳು. “ಯಾರು? ಯಾರು ಹೋದ್ರು?”

“ಯಾರೂ ಹೋಗಿಲ್ಲ ಮಾರಾಯ್ತಿ. ನಾವೇ ಹೋಗೋಣ ಅಂತ.”

“ಎಲ್ಲಿಗೆ? ಆಸ್ಪತ್ರೆಗಾ? ಎದೆ ನೋವಾ ನಿಮಗೆ?” ಅವಳು ಆಗಲೇ ಪೆಟ್ಟಿಗೆಯಿಂದ ದುಡ್ಡು ತೆಗೆದು, ಸೆರಗಿಗೆ ಕಟ್ಟಿ, ಒಂದು ಚೀಲಕ್ಕೆ ಟವಲು ತುರುಕಿಯಾಗಿತ್ತು. ಗಂಡ ಆರೋಗ್ಯವಾಗಿದ್ದಾನೆಂದು ನಂಬಿಸಲು ಪದಪ್ಪನವರು ಅಂಗಳದಲ್ಲಿ ನಾಲ್ಕು ಬಾರಿ ಬಸ್ಕಿ ಹೊಡೆದು ತೋರಿಸಬೇಕಾಯಿತು. ಅಷ್ಟರಲ್ಲಿ ಅವರಿಗೆ ನಿಜವಾಗಿಯೇ ಎದೆ ಹಿಡಿದುಕೊಂಡಿತು. ನಡಿಗೆ ರದ್ದಾಯಿತು.

“ಬೆಳಗಿನ ಜಾವ ಏಳೋದು ನಿನಗಿಷ್ಟ ಅಲ್ವಾ?” ಎಂದರು ಏದುಸಿರಿನಲ್ಲಿ.

“ವಾರಕ್ಕೊಂದು ದಿನ ನಿಮ್ಮ ಜೊತೆ ಬಿದ್ಕೊಂಡು ಬಿದ್ಕೊಂಡು ಆ ಇಷ್ಟ ಯಾವತ್ತೋ ಬಿಟ್ಟುಹೋಯ್ತು ರೀ. ಈಗ ಭಾನುವಾರದ ನಿದ್ದೆ ಒಂದೇ ನನ್ನ ಆಸ್ತಿ. ಅದನ್ನೂ ಹಾಳು ಮಾಡಿದ್ರಿ.”

ಎರಡನೆಯ ದಾಳಿ ಚಹಾದ ಮೂಲಕ. ಪದಪ್ಪನವರಿಗೆ ಚಹಾ ಅಂದರೆ ಆರಿ, ಬೆಚ್ಚಗಾಗಿ, ಸಕ್ಕರೆ ಪಾಕದಂತೆ ಇರಬೇಕು. ಆ ಮನೆಯಲ್ಲಿ ವರ್ಷಗಳಿಂದ ಕಾಯಿಸುತ್ತಿದ್ದುದೇ ಅದು. ಇವತ್ತು ಅವರು ತಾವೇ ಒಲೆಯ ಮುಂದೆ ನಿಂತು, ಸಕ್ಕರೆಯ ಡಬ್ಬಿಗೆ ಬೆನ್ನು ತಿರುಗಿಸಿ, ಅಗ್ನಿಪರ್ವತದಿಂದ ಇಳಿಸಿದಂಥ ಚಹಾ ತಂದು ಹೆಂಡತಿಯ ಕೈಗಿತ್ತರು. ಅವಳು ಹೊಲಿಗೆಯಿಂದ ಕಣ್ಣೆತ್ತದೆ, ದಿನದಂತೆ ಬೆಚ್ಚಗಿದೆಯೆಂದು ನಂಬಿ, ದೊಡ್ಡ ಗುಟುಕು ಹಾಕಿಬಿಟ್ಟಳು.

ಆಮೇಲೆ ನಡೆದದ್ದನ್ನು ಇಲ್ಲಿ ವಿವರಿಸುವುದಿಲ್ಲ. ಲೋಟ ಒಂದು ಕಡೆ ಹೋಯಿತು, ಯಾರೋ ಹಿಡಿಸಲು ಕೊಟ್ಟಿದ್ದ ಬಿಳಿ ಪ್ಯಾಂಟು ಇನ್ನೊಂದು ಬಣ್ಣಕ್ಕೆ ಹೋಯಿತು, ಅತ್ತೆ ತಣ್ಣೀರಿಗೆ ಓಡಿದರು.

“ನಾಯಿಗೆ ಚುಟ್ಟೋಯ್ತು!” ಎಂದಳು ಹೆಂಡತಿ.

“ಯಾವ ನಾಯಿಗೆ?” ಎಂದು ಪದಪ್ಪನವರು ಬಾಗಿಲ ಕಡೆ ನೋಡಿದರು.

“ನಾಲಿಗೆ ಅಳಿಯಂದ್ರೇ, ನಾಲಿಗೆ!” ಎಂದರು ಅತ್ತೆ. “ಯಾರಾದ್ರೂ ಇಷ್ಟು ಬಿಸಿ ಕೊಡ್ತಾರಾ?”

“ನೀವೇ ಹೇಳಿದ್ರಲ್ಲ ಅತ್ತೆ, ಕುದಿಕುದಿ ಅಂತ!”

“ಅದು ಅವಳು ಲಂಗ ಹಾಕ್ತಿದ್ದಾಗ!”

ಇಲ್ಲಿಗೆ ನಿಲ್ಲಿಸಿದ್ದರೆ ಪದಪ್ಪನವರು ಬುದ್ಧಿವಂತರ ಸಾಲಿಗೆ ಸೇರುತ್ತಿದ್ದರು. ಆದರೆ ಮೊದಲ ಪುಟ ಕಣ್ಣ ಮುಂದೆ ಕುಣಿಯುತ್ತಿತ್ತು. ಮಧ್ಯಾಹ್ನದ ಅಡುಗೆಯನ್ನೂ ತಾವೇ ಹೊತ್ತುಕೊಂಡರು. ಉಪ್ಪು ಇಲ್ಲ, ಖಾರ ಇಲ್ಲ, ಹುಳಿ ತೋರಿಸಿ ತೆಗೆದದ್ದು. ಮೂವರೂ ತಟ್ಟೆಯ ಮುಂದೆ ಕೂತು ಶೋಕಾಚರಣೆಯಂತೆ ಊಟ ಮಾಡಿದರು. ಹೆಂಡತಿ ಸುಟ್ಟ ನಾಲಿಗೆಯ ನೆಪದಲ್ಲಿ ಬೇಗ ಎದ್ದಳು. ಅತ್ತೆ ಮಾತ್ರ, “ಅಳಿಯಂದ್ರು ಮಾಡಿದ್ದು ಚೆನ್ನಾಗಿದೆ, ರುಚಿ ಒಂದು ಕಮ್ಮಿ,” ಎಂದು ತೀರ್ಪು ಕೊಟ್ಟು ಮೆಣಸಿನಕಾಯಿ ಹುಡುಕಿಕೊಂಡು ಹೋದರು.

ಇನ್ನು ಉಳಿದದ್ದು ಫ್ಯಾನು. ಆ ಮನೆಯ ಫ್ಯಾನು ಪದಪ್ಪನವರ ಪರಮಮಿತ್ರ. ಟಕ, ಟಕ, ಟಕ ಎಂದು ಕತ್ತರಿಯಾಡಿಸುವ ಸದ್ದು ಮಾಡುತ್ತ, ವರ್ಷವಿಡೀ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಅದಿಲ್ಲದಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ. ಊಟವಾದ ಮೇಲೆ ಮಲಗುವ ಹೊತ್ತಿಗೆ, ಸರಳುಗಳ ಹಿಂದೆ ಮಗನನ್ನು ಬಿಟ್ಟುಬರುವ ತಂದೆಯ ಮುಖ ಮಾಡಿಕೊಂಡು, ಅವರು ಸ್ವಿಚ್ಚು ಆರಿಸಿದರು.

ರೆಕ್ಕೆಗಳು ನಿಧಾನವಾದವು, ನಿಂತವು. ಕೋಣೆ ಹಬೆಯಾಡಿತು. ಪದಪ್ಪನವರ ಹಣೆಯಿಂದ ಹೊರಟ ಬೆವರು ಕಿವಿಯೊಳಗೆ ಸುತ್ತು ಹಾಕಿ ದಿಂಬಿಗೆ ಇಳಿಯಿತು. ಬೆನ್ನಿನ ಕೆಳಗೆ ಹಾಸಿಗೆ ಒದ್ದೆಯಾಯಿತು. ಅಲುಗಾಡಲಿಲ್ಲ. ಬೆಂಕಿಯ ನಡುವೆ ಕೂತ ತಪಸ್ವಿಯಂತೆ ಹಲ್ಲು ಕಚ್ಚಿ ಮಲಗಿದರು. ಪಕ್ಕದಲ್ಲಿ ಹೆಂಡತಿ ಎಡಕ್ಕೆ ಹೊರಳಿದಳು. ಬಲಕ್ಕೆ ಹೊರಳಿದಳು. ಎದ್ದು ಕೂತಳು.

“ರೀ, ಕರೆಂಟ್ ಹೋಯ್ತಾ?”

“ಇಲ್ಲ. ನಾನೇ ಆರಿಸಿದೆ. ನಿನಗೆ ಗಾಳಿ ಆಗಲ್ವಲ್ಲ. ಸೀನು ಬರತ್ತಲ್ಲ.”

“ಅಯ್ಯೋ ದೇವ್ರೇ. ಬರ್ತಿತ್ತು ರೀ, ಬರ್ತಿತ್ತು. ಮೊದಮೊದಲು ಸೀನಿ ಸೀನಿ ಮೂಗು ಕಿತ್ಹೋಗ್ತಿತ್ತು. ಆಮೇಲೆ ತಲೆಗೆ ಬಟ್ಟೆ ಕಟ್ಕೊಂಡು ಮಲಗಿದೆ. ಆಮೇಲೆ ಬಟ್ಟೆನೂ ಬೇಡವಾಯ್ತು. ಈಗ ಆ ಟಕಟಕ ಇಲ್ದೆ ಕಣ್ಣು ಮುಚ್ಚಲ್ಲ. ಹಾಕಿ ಅಂದ್ರೆ ಹಾಕಿ!”

ಪದಪ್ಪನವರು ಫ್ಯಾನು ಹಾಕಲಿಲ್ಲ. ಎದ್ದು ಮಂಚದ ಅಂಚಿನಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತರು. ನಿಘಂಟಿನ ಕಚೇರಿಯಲ್ಲಿ ಕಳೆದ ಆಯುಷ್ಯವೆಲ್ಲ ಬೆವರಾಗಿ ಹರಿಯುತ್ತಿತ್ತು. ಬೆಳಗಿನಿಂದ ತಾವು ಹೊಂದಿಕೊಳ್ಳುತ್ತಿದ್ದುದು ಈ ಮನೆಯಲ್ಲಿ ಇಲ್ಲದ ಒಬ್ಬಳಿಗೆ. ಆ ಹುಡುಗಿ ತನಗೆ ಬೇಕಾದದ್ದನ್ನೆಲ್ಲ ಒಂದೊಂದಾಗಿ ಮಡಿಸಿಟ್ಟು, ಸದ್ದಿಲ್ಲದೆ, ಯಾವಾಗಲೋ ಹೊರಟುಹೋಗಿದ್ದಳು. ಅವಳು ಹೋದದ್ದು ಕೂಡ ತಮಗೆ ತಿಳಿಯಲಿಲ್ಲ.

“ಹಾಗಾದ್ರೆ ಈಗ ನಿನಗೇನಿಷ್ಟ? ಹೇಳು. ಯಾವುದಾದ್ರೂ ಒಂದು. ಅದಕ್ಕೆ ಹೊಂದಿಕೊಳ್ತೀನಿ.”

ಹೆಂಡತಿ ಪಾಪ, ಪ್ರಾಮಾಣಿಕವಾಗಿ ಹುಡುಕಿದಳು. “ಚಹಾ ಬೆಚ್ಚಗಿರ್ಲಿ. ಸಕ್ಕರೆ ಜಾಸ್ತಿ ಇರ್ಲಿ. ಫ್ಯಾನ್ ಜೋರಾಗಿರ್ಲಿ. ಭಾನುವಾರ ಎಬ್ಬಿಸಬೇಡಿ.”

“ಅದೆಲ್ಲ ನನ್ನ ಇಷ್ಟ ಕಣೇ!”

“ಇರಬಹುದು. ಈಗ ನನ್ನ ಹತ್ರನೂ ಅದೇ ಇರೋದು.”

ಇಲ್ಲಿ ಪದಪ್ಪನವರ ಮಿದುಳಿನಲ್ಲಿ ಒಂದು ಮಿಂಚು ಹೊಡೆಯಿತು. (ವಿದ್ವಾಂಸರಿಗೆ ಮಿಂಚು ಹೊಡೆದಾಗ ಮನೆಯವರು ದೂರ ನಿಲ್ಲುವುದು ಕ್ಷೇಮ.) “ಅಂದ್ರೆ, ನಾನು ಹೇಗಿದ್ದೇನೋ ಹಾಗೇ ಇರೋದೇ ನಿನ್ನ ಇಷ್ಟ! ಅಂದ್ರೆ ನಾನು ಇಷ್ಟು ವರ್ಷ, ನನಗೇ ಗೊತ್ತಿಲ್ದೆ, ಹಗಲೂ ಇರುಳೂ ನಿನಗೆ ಹೊಂದಿಕೊಂಡೇ ಬಂದಿದೀನಿ! ವಾಕ್ಯ ನಿಜ! ಮೊದಲಿಂದಲೂ ನಿಜ!”

ಹೆಂಡತಿ ಗೋಡೆಯ ಕಡೆ ನೋಡಿದಳು. “ಹಾಗಾದ್ರೆ ಗೋಡೆನೂ ಕ್ಯಾಲೆಂಡರಿಗೆ ಹೊಂದ್ಕೊಂಡಿದೆ ಅನ್ನಿ.”

ಮಿಂಚು ಆರಿತು. ಪದಪ್ಪನವರು ಮತ್ತೆ ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರ ಬನಿಯನ್ನು ಮೈಗಂಟಿತ್ತು, ಉಳಿದ ಕೂದಲು ಹಣೆಗಂಟಿತ್ತು. ‘ಮತ್ತು ಇತರರು’ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆ ಎರಡು ಮಾತಿನಲ್ಲಿ ಅದೆಂಥ ದುಃಖವಿತ್ತೆಂದರೆ ಹೆಂಡತಿಯ ಕರುಳು ಚುರುಕ್ಕೆಂದಿತು. ಅವಳು ಎದ್ದು ಫ್ಯಾನು ಹಾಕಿದಳು.

“ಬಿಡಿ, ಆ ಮುಖ ನೋಡೋಕಾಗಲ್ಲ. ನಾಳೆ ಅವರು ಫೋನ್ ಮಾಡ್ಲಿ. ಹೊಂದ್ಕೊಂಡ್ರು ಅಂತ ಹೇಳ್ತೀನಿ.”

“ನಗಬಾರದು.”

“ನಗಲ್ಲ. ನಾಲಿಗೆ ಉರೀತಿದೆ, ನಗೋಕೂ ಆಗಲ್ಲ.”

ಸೋಮವಾರ ಕಚೇರಿಯಲ್ಲಿ ಮೇಡಂ ನಂಬರು ಒತ್ತಿದರು. ಪದಪ್ಪನವರು ಮುಚ್ಚದ ಕಿಟಕಿಯ ಪಕ್ಕ ನಿಂತು ಉಗುರು ಕಚ್ಚುತ್ತಿದ್ದರು. ಮೇಡಂ ವಾಕ್ಯ ಓದಿದರು, ಆಲಿಸಿದರು. “ಹೊಂದಿಕೊಂಡ್ರಾ? ಸರಿ... ಒಳ್ಳೇದು.” ಪದಪ್ಪನವರು ಬಾಯಿಂದ ಉಗುರು ತೆಗೆದರು. ಅಲ್ಲಿಗೆ ಫೋನು ಇಟ್ಟಿದ್ದರೆ! ಆದರೆ ಮೇಡಂ ಆನೆಯಿಂದ ಪೆಟ್ಟು ತಿಂದವರು. ಮತ್ತೆ ಕೇಳಿದರು: “ಯಾವಾಗ? ... ನಿನ್ನೆನಾ? ... ಎಷ್ಟು ಹೊತ್ತು? ... ಮಧ್ಯಾಹ್ನದ ತನಕ. ಆಮೇಲೆ? ... ಯಾಕೆ ನಿಲ್ಲಿಸಿದ್ರು? ... ಅಯ್ಯೋ ಪಾಪ. ನಾಲಿಗೆಗೆ ತುಪ್ಪ ಹಚ್ಚಿದ್ರಾ? ... ಪ್ಯಾಂಟಿನವರಿಗೆ ಏನಂದ್ರಿ? ... ಎಲ್ಲಾ ಸಹಿಸ್ಕೊಂಡ್ರಾ? ... ಹೂಂ. ಹೂಂ. ಹೂಂ.”

ಪ್ರತಿಯೊಂದು ‘ಹೂಂ’ಗೂ ಪದಪ್ಪನವರು ಒಂದೊಂದು ಅಂಗುಲ ಕುಗ್ಗಿದರು.

ಫೋನು ಇಟ್ಟು ಮೇಡಂ ಪೆನ್ನು ತೆಗೆದರು. “ನಿಮ್ಮ ಹೆಂಡತಿ ಸುಳ್ಳು ಹೇಳೋರಲ್ಲ. ನೀವು ಬರೆದದ್ದು ನಿಜ. ಒಪ್ಪಿದೆ.”

“ಮೇಡಂ!”

“ಆದರೆ ಅರ್ಧ ನಿಜ. ಪೂರ್ತಿ ಮಾಡಿದೀನಿ, ನೋಡಿ.”

ಪದಪ್ಪನವರು ನೋಡಿದರು. ಅವರ ಮುದ್ದಾದ ಅಕ್ಷರಗಳ ಮುಂದೆ ಮೇಡಂ ಅವರ ಕೆಂಪು ಅಕ್ಷರಗಳು ಸೇರಿಕೊಂಡಿದ್ದವು: ‘ಗಂಡ ಹೆಂಡತಿಗೆ ಹೊಂದಿಕೊಂಡನು; ಅದಕ್ಕೂ ಹೆಂಡತಿಯೇ ಹೊಂದಿಕೊಂಡಳು.’

ಅವರು ಅದನ್ನು ಎಡದಿಂದ ಓದಿದರು, ಬಲದಿಂದ ಓದಿದರು. ಎಲ್ಲಿಯೂ ತಪ್ಪಿರಲಿಲ್ಲ. ಚಿಕ್ಕದಾಗಿತ್ತು, ಚೊಕ್ಕವಾಗಿತ್ತು. ಒಂದೇ ವಾಕ್ಯದಲ್ಲಿ ಪದದ ಬಳಕೆ ಎರಡು ಸಲ ಸಿಕ್ಕಿತ್ತು. ನಿಘಂಟಿಗೆ ಅದೊಂದು ಆಭರಣ. ಮೊದಲ ಪುಟದಲ್ಲಿ ಅವರ ಹೆಸರು, ಪ್ರತ್ಯೇಕ ಸಾಲಿನಲ್ಲಿ, ಒಂಟಿಯಾಗಿ. ಒಳಗೆ ಇದು, ನಾಡಿನ ಪ್ರತಿ ಶಾಲೆಯಲ್ಲೂ, ಪ್ರತಿ ವಾಚನಾಲಯದಲ್ಲೂ, ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವರೆಗೆ.

ಒಂದೇ ದಾರಿ ಉಳಿದಿತ್ತು. ವಾಕ್ಯದಲ್ಲಿ ಬಂದವರು ಬೇಡವೆಂದರೆ ಮೇಡಂ ಅದನ್ನು ತೆಗೆದುಹಾಕಲೇಬೇಕು. ಪದಪ್ಪನವರು ಮೆಟ್ಟಿಲಿಳಿದು, ಬೀದಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಮನೆಗೆ ಫೋನು ಮಾಡಿದರು. ವಾಕ್ಯವನ್ನು ಓದಿ ಹೇಳಿದರು. ಆಮೇಲೆ ಅತ್ಯಂತ ಕಳಕಳಿಯ ದನಿಯಲ್ಲಿ, “ನೋಡು, ಊರೆಲ್ಲ ನಿನ್ನ ವಿಷಯ ಓದೋ ಹಾಗಾಗತ್ತೆ. ನಿನಗೆ ಬೇಜಾರಾಗತ್ತೆ ಅಂತ ನನಗೆ ಗೊತ್ತು. ಅಚ್ಚು ಮಾಡಬೇಡಿ ಅಂತ ಒಂದು ಮಾತು ಹೇಳಿಬಿಡು ಸಾಕು, ಅವರು ತೆಗೆದುಹಾಕ್ತಾರೆ,” ಎಂದರು.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಪರವಾಗಿಲ್ಲ ಬಿಡಿ ರೀ,” ಎಂದಳು ಹೆಂಡತಿ, ಸುಟ್ಟ ನಾಲಿಗೆಯನ್ನು ಆದಷ್ಟು ಮೃದುವಾಗಿ ಹೊರಳಿಸುತ್ತ. “ನಿಮ್ಮ ಹೆಸರು ಬರತ್ತಲ್ಲ, ಅಷ್ಟು ಸಾಕು. ನಾನು ಹೇಗೋ ಹೊಂದ್ಕೋತೀನಿ.”